ಸೀಸಕ್ಕೆ ಊರು ಕೇಳಿದವರು: ಕ್ಲೇರ್ ಪ್ಯಾಟರ್ಸನ್

ಭೂಮಿಗೆ ಸುಮಾರು 455 ಕೋಟಿ ವರ್ಷ ವಯಸ್ಸು ಅಂತ ನಾವೆಲ್ಲ ಹೈಸ್ಕೂಲಿನಲ್ಲೇ ಬಾಯಿಪಾಠ ಮಾಡಿದ್ದೇವೆ. ಮನೆಯಲ್ಲಿ ಹಳೇ ಬೈಕ್ ಇದ್ದರೆ, ಸೀಸವಿಲ್ಲದ ಪೆಟ್ರೋಲ್ ಮಾತ್ರ ಹಾಕಿ ಅನ್ನೋ ಸ್ಟಿಕ್ಕರನ್ನೂ ನೋಡಿರುತ್ತೀರಿ. ಇನ್ನು ಜ್ವಾಲಾಮುಖಿ ದ್ವೀಪಗಳ ಲಾವಾದಲ್ಲಿ ಸಮುದ್ರತಳದ ಹಳೇ ಕೆಸರೂ ಸೇರಿಕೊಂಡಿರುತ್ತದೆ ಅನ್ನೋ ಮಾತು ಸಿವಿಲ್‌ನವರಿಗೆ ಜಿಯಾಲಜಿ ಕ್ಲಾಸಿನಲ್ಲಿ ಕಿವಿಗೆ ಬಿದ್ದಿರಬಹುದು. ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸುವ ಈ ಸಂಗತಿಗಳ ಹಿಂದೆ ಹೋದರೆ ಒಬ್ಬರೇ ವ್ಯಕ್ತಿ ಸಿಗುತ್ತಾರೆ: ಕ್ಲೇರ್ ಕ್ಯಾಮರಾನ್ ಪ್ಯಾಟರ್ಸನ್. ಸ್ನೇಹಿತರಿಗೆ ಬರೀ ಪ್ಯಾಟ್.

ಪ್ಯಾಟರ್ಸನ್ ಬದುಕಿಡೀ ಕೇಳಿದ್ದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. ಈ ಸೀಸ ಎಲ್ಲಿಂದ ಬಂತು? ಕಲ್ಲಿನಲ್ಲಿರುವುದು, ಉಲ್ಕೆಯಲ್ಲಿರುವುದು, ಸಮುದ್ರದ ಕೆಸರಿನಲ್ಲಿರುವುದು, ನಮ್ಮ ಮೂಳೆಯಲ್ಲಿರುವುದು, ಎಲ್ಲದಕ್ಕೂ ಅದೇ ಪ್ರಶ್ನೆ. ಉತ್ತರ ಹುಡುಕುತ್ತಾ ಹೋದವರು ಕೊನೆಗೆ ಅಮೆರಿಕದ ದೊಡ್ಡ ಉದ್ಯಮವೊಂದನ್ನೇ ಎದುರು ಹಾಕಿಕೊಂಡರು.

ಅಯೋವಾದ ಹುಡುಗ

ಪ್ಯಾಟರ್ಸನ್ ಹುಟ್ಟಿದ್ದು 1922ರ ಜೂನ್ 2ರಂದು, ಅಮೆರಿಕದ ಅಯೋವಾ ರಾಜ್ಯದ ಮಿಚೆಲ್‌ವಿಲ್ ಅನ್ನೋ ಚಿಕ್ಕ ಊರಿನಲ್ಲಿ. ತಂದೆ ಅಂಚೆ ಇಲಾಖೆಯ ನೌಕರ. ಅಮ್ಮ ತಂದುಕೊಟ್ಟ ಕೆಮಿಸ್ಟ್ರಿ ಸೆಟ್ಟಿನಿಂದ ಹುಡುಗನಿಗೆ ರಸಾಯನಶಾಸ್ತ್ರದ ಹುಚ್ಚು ಹಿಡಿಯಿತು. ಗ್ರಿನೆಲ್ ಕಾಲೇಜಿನಲ್ಲಿ ಪದವಿ, ಅಯೋವಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ. ಜೊತೆಗೇ ಓದಿದ ಲಾರ್ನಾ ಅವರನ್ನು ಮದುವೆಯಾದರು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಜೋರಾಗಿತ್ತು. ಗಂಡ ಹೆಂಡತಿ ಇಬ್ಬರೂ ಅಣುಬಾಂಬ್ ಯೋಜನೆಯಲ್ಲಿ ಕೆಲಸಕ್ಕೆ ಸೇರಿದರು.

ಟೆನೆಸ್ಸಿಯ ಓಕ್ ರಿಡ್ಜ್‌ನಲ್ಲಿ ಪ್ಯಾಟರ್ಸನ್ ಕೈಗೆ ಮಾಸ್ ಸ್ಪೆಕ್ಟ್ರೋಮೀಟರ್ ಬಂತು. ಪರಮಾಣುಗಳಿಗೆ ವಿದ್ಯುದಾವೇಶ ಕೊಟ್ಟು, ಕಾಂತಕ್ಷೇತ್ರದಲ್ಲಿ ಬಾಗಿಸಿ, ತೂಕದ ಪ್ರಕಾರ ಬೇರೆಬೇರೆ ಮಾಡುವ ಯಂತ್ರ ಅದು. ಹಗುರವಾದದ್ದು ಹೆಚ್ಚು ಬಾಗುತ್ತದೆ, ಭಾರದ್ದು ಕಡಿಮೆ. ಅಲ್ಲಿ ಬೇಕಾಗಿದ್ದದ್ದು ಬಾಂಬಿಗೆ ಯುರೇನಿಯಂ-235. ಅದೇ ಯಂತ್ರದಲ್ಲಿ ಭೂಮಿಯ ಚರಿತ್ರೆಯನ್ನೂ ಓದಬಹುದು ಅನ್ನೋದು ಯುದ್ಧ ಮುಗಿದ ಮೇಲೆ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಅವರಿಗೆ ಗೊತ್ತಾಯಿತು.

ಎಲ್ಲಿ ನೋಡಿದರೂ ಸೀಸ

ಶಿಕಾಗೋದಲ್ಲಿ ಗೈಡ್ ಆಗಿ ಸಿಕ್ಕಿದ್ದು ಹ್ಯಾರಿಸನ್ ಬ್ರೌನ್. ಅವರು ಕೊಟ್ಟ ಕೆಲಸ ಏನು ಅಂತ ತಿಳಿಯಲು ಸೀಸದ ಸ್ವಭಾವ ಸ್ವಲ್ಪ ಗೊತ್ತಿರಬೇಕು.

ಸೀಸಕ್ಕೆ ನಾಲ್ಕು ಸ್ಥಿರ ಐಸೋಟೋಪುಗಳಿವೆ: 204, 206, 207, 208. ಯುರೇನಿಯಂ-238 ನಿಧಾನವಾಗಿ ಕ್ಷಯಿಸಿ ಸೀಸ-206 ಆಗುತ್ತದೆ, ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ. ಯುರೇನಿಯಂ-235 ಅದಕ್ಕಿಂತ ಬೇಗ, ಸುಮಾರು 70 ಕೋಟಿ ವರ್ಷದ ಅರ್ಧಾಯುಷ್ಯದಲ್ಲಿ ಸೀಸ-207 ಆಗುತ್ತದೆ. ಥೋರಿಯಂ-232 ಸುಮಾರು 1,400 ಕೋಟಿ ವರ್ಷದ ಲೆಕ್ಕದಲ್ಲಿ ಸೀಸ-208 ಆಗುತ್ತದೆ. ಸೀಸ-204 ಮಾತ್ರ ಯಾವುದರಿಂದಲೂ ಹೊಸದಾಗಿ ಹುಟ್ಟುವುದಿಲ್ಲ. ಭೂಮಿ ಹುಟ್ಟಿದಾಗ ಎಷ್ಟಿತ್ತೋ ಅಷ್ಟೇ. ಹಾಗಾಗಿ ಉಳಿದ ಮೂರನ್ನು 204ರ ಜೊತೆ ಅನುಪಾತ ಹಾಕಿ ನೋಡಿದರೆ, ಆ ಸೀಸ ಎಷ್ಟು ಕಾಲ ಎಂಥಾ ಕಲ್ಲಿನಲ್ಲಿ ಯುರೇನಿಯಂ, ಥೋರಿಯಂ ಜೊತೆ ಸಂಸಾರ ಮಾಡಿದೆ ಅಂತ ಹೇಳಬಹುದು. ಮಾತಿನ ಧಾಟಿ ಕೇಳಿ ಇವರು ಧಾರವಾಡದ ಕಡೆಯವರು, ಇವರು ಮಂಗಳೂರಿನವರು ಅಂತ ಹೇಳುತ್ತೇವಲ್ಲ, ಹಾಗೇ ಇದು.

ಬ್ರೌನ್ ಯೋಜನೆ ಹೀಗಿತ್ತು. ಗ್ರಾನೈಟಿನಲ್ಲಿ ಸಿಗುವ ಜಿರ್ಕಾನ್ ಅನ್ನೋ ಪುಟ್ಟ ಹರಳಿನಲ್ಲಿ ಜಾರ್ಜ್ ಟಿಲ್ಟನ್ ಯುರೇನಿಯಂ ಅಳೆಯಬೇಕು, ಪ್ಯಾಟರ್ಸನ್ ಸೀಸ ಅಳೆಯಬೇಕು. ವಯಸ್ಸು ಗೊತ್ತಿರುವ ಕಲ್ಲು, ಉತ್ತರ ಎಷ್ಟು ಬರಬೇಕು ಅಂತಲೂ ಗೊತ್ತು. ಟಿಲ್ಟನ್ ಲೆಕ್ಕ ಸರಿಯಾಗಿ ಬಂತು. ಪ್ಯಾಟರ್ಸನ್‌ಗೆ ಮಾತ್ರ ಸೀಸ ಬರಬೇಕಾದ್ದಕ್ಕಿಂತ ತುಂಬಾ ಹೆಚ್ಚು ಬರುತ್ತಿತ್ತು. ಪ್ರತಿ ಸಲವೂ.

ಇಂಥ ಕಡೆ ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಒಂದು ಕರೆಕ್ಷನ್ ಫ್ಯಾಕ್ಟರ್ ಹಾಕಿ ರೆಕಾರ್ಡ್ ಬರೆದು ಸಹಿ ಹಾಕಿಸಿಕೊಂಡು ಬಿಡುತ್ತಿದ್ದೆವು, ಅಲ್ವಾ? ಪ್ಯಾಟರ್ಸನ್ ಹಾಗೆ ಬಿಡಲಿಲ್ಲ. ಹೆಚ್ಚುವರಿ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಲು ಕೂತರು. ಗಾಜಿನ ಪಾತ್ರೆಯಿಂದ, ನಲ್ಲಿ ನೀರಿನಿಂದ, ಆಮ್ಲಗಳಿಂದ, ಗೋಡೆಯ ಬಣ್ಣದಿಂದ, ಗಾಳಿಯ ಧೂಳಿನಿಂದ, ತಮ್ಮದೇ ಬಟ್ಟೆ, ಕೂದಲು, ಚರ್ಮದಿಂದ ಬರುತ್ತಿತ್ತು. ಒಂದೊಂದಕ್ಕೂ ಲೆಕ್ಕ ಇಟ್ಟರು. ಮಾದರಿಯನ್ನೇ ಹಾಕದೆ ಪ್ರಯೋಗವನ್ನು ಮೊದಲಿಂದ ಕೊನೆವರೆಗೆ ನಡೆಸಿ, ಆಗಲೂ ಎಷ್ಟು ಸೀಸ ಕಾಣುತ್ತದೆ ಅಂತ ಅಳೆದರು. ಇದಕ್ಕೇ ಬ್ಲ್ಯಾಂಕ್ ಅನ್ನೋದು. ಸೀಸದ ಕೆಲಸದಲ್ಲಿ ಬ್ಲ್ಯಾಂಕ್ ಅಷ್ಟು ಕಟ್ಟುನಿಟ್ಟಾಗಿ ನೋಡಿದವರು ಅವರಿಗಿಂತ ಮುಂಚೆ ಇರಲಿಲ್ಲ.

1952ರಲ್ಲಿ ಬ್ರೌನ್ ಜೊತೆ ಕ್ಯಾಲ್‌ಟೆಕ್‌ಗೆ ಹೋದ ಪ್ಯಾಟರ್ಸನ್ ಅಲ್ಲಿ ತಮಗೆ ಬೇಕಾದಂಥ ಲ್ಯಾಬ್ ಕಟ್ಟಿಸಿಕೊಂಡರು. ಸೋಸಿದ ಗಾಳಿ ಒಳಗಿಂದ ಹೊರಕ್ಕೆ ಮಾತ್ರ ಹರಿಯಬೇಕು, ಆಮ್ಲಗಳನ್ನು ಅಲ್ಲೇ ಬಟ್ಟಿ ಇಳಿಸಬೇಕು, ನೆಲ ಒರೆಸುತ್ತಲೇ ಇರಬೇಕು, ಒಳಗೆ ಬರುವವರು ಮೈತುಂಬ ಹೊದ್ದಿರಬೇಕು. ಇವತ್ತು ಚಿಪ್ ತಯಾರಿಸುವ ಕ್ಲೀನ್ ರೂಮ್ ನೋಡಿದವರಿಗೆ ಇದೇನು ಹೊಸತು ಅನ್ನಿಸಬಹುದು. ಆದರೆ ಇದು 1950ರ ದಶಕದ ಆರಂಭದ ಮಾತು.

ಉಲ್ಕೆ ಮತ್ತು ಕೆಸರು

ಭೂಮಿಯ ಮೊದಮೊದಲ ಕಲ್ಲುಗಳು ಈಗ ಸಿಗುವುದಿಲ್ಲ. ಕರಗಿ, ಮುರಿದು, ಮತ್ತೆ ಕರಗಿ ರೂಪ ಬದಲಾಗಿವೆ. ಉಲ್ಕೆಗಳು ಹಾಗಲ್ಲ, ಸೌರಮಂಡಲ ಹುಟ್ಟಿದ ಕಾಲದಿಂದ ಹೆಚ್ಚುಕಮ್ಮಿ ಹಾಗೇ ಇವೆ. ಅರಿಜೋನಾದಲ್ಲಿ ದೊಡ್ಡ ಗುಂಡಿ ಮಾಡಿ ಬಿದ್ದ ಕ್ಯಾನ್ಯನ್ ಡಯಾಬ್ಲೊ ಉಲ್ಕೆಯಲ್ಲಿ ಕಬ್ಬಿಣದ ಸಲ್ಫೈಡಿನ ಗಂಟುಗಳಿವೆ. ಅವುಗಳಲ್ಲಿ ಸೀಸ ಇದೆ, ಯುರೇನಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಂದರೆ ಆ ಸೀಸ ಹುಟ್ಟಿದಾಗ ಹೇಗಿತ್ತೋ ಈಗಲೂ ಹಾಗೇ. ಆಟ ಶುರುವಾಗುವ ಮುಂಚಿನ ಸ್ಕೋರು ಸಿಕ್ಕಂತಾಯಿತು.

1953ರಲ್ಲಿ ಮಾದರಿಯನ್ನು ತೆಗೆದುಕೊಂಡು ಶಿಕಾಗೋ ಹತ್ತಿರದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಹೋಗಿ ಅಳೆದರು. ಉತ್ತರ ಬಂದಾಗ ಉದ್ವೇಗ ತಡೆಯಲಾರದೆ ಅಯೋವಾದ ಅಪ್ಪ ಅಮ್ಮನ ಮನೆಗೆ ಹೋದರು. ಹೃದಯಾಘಾತವೇ ಆಗುತ್ತಿದೆ ಅನ್ನಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗು ಅಂತ ಅಮ್ಮನನ್ನು ಕೇಳಿಕೊಂಡರಂತೆ. 1956ರಲ್ಲಿ ಪೂರ್ಣ ಲೇಖನ ಪ್ರಕಟವಾಯಿತು. ಮೂರು ಕಲ್ಲಿನ ಉಲ್ಕೆ, ಎರಡು ಕಬ್ಬಿಣದ ಉಲ್ಕೆಗಳ ಸೀಸದ ಅನುಪಾತಗಳನ್ನು ಗ್ರಾಫಿನಲ್ಲಿ ಇಟ್ಟರೆ ಒಂದೇ ನೇರ ಗೆರೆ. ಆ ಗೆರೆಯ ಇಳಿಜಾರಿನಿಂದ ಬಂದ ವಯಸ್ಸು 455 ಕೋಟಿ ವರ್ಷ, ಹೆಚ್ಚುಕಮ್ಮಿ 7 ಕೋಟಿ. ಇವತ್ತಿಗೂ ಆ ಅಂಕಿ ಹೆಚ್ಚೇನೂ ಅಲುಗಾಡಿಲ್ಲ.

ಆದರೆ ಉಲ್ಕೆಯ ವಯಸ್ಸೇ ಭೂಮಿಯ ವಯಸ್ಸು ಅಂತ ಹೇಳೋದು ಹೇಗೆ? ಭೂಮಿಯ ಸರಾಸರಿ ಸೀಸವೂ ಅದೇ ಗೆರೆಯ ಮೇಲೆ ಕೂರಬೇಕು. ಸರಾಸರಿ ಸೀಸಕ್ಕೆ ಎಲ್ಲಿಗೆ ಹೋಗೋದು? ಪ್ಯಾಟರ್ಸನ್ ಹೋದದ್ದು ಸಮುದ್ರದ ತಳಕ್ಕೆ. ನದಿಗಳು, ಗಾಳಿ ಸೇರಿ ಖಂಡಗಳ ಕಲ್ಲನ್ನು ಸವೆಸಿ, ಕಲಸಿ, ಆಳ ಸಮುದ್ರದ ತಳದಲ್ಲಿ ಕೆಸರಾಗಿ ಪೇರಿಸುತ್ತವೆ. ನಮ್ಮ ಅಡುಗೆಮನೆಯ ಮಿಕ್ಸಿ ಮಾಡುವ ಕೆಲಸವನ್ನು ಪ್ರಕೃತಿಯೇ ಮಾಡಿಟ್ಟಿದೆ. ಪೆಸಿಫಿಕ್ ಸಾಗರದ ಕೆಸರಿನ ಸೀಸ ಉಲ್ಕೆಗಳ ಗೆರೆಯ ಮೇಲೆ ಬಂದು ಕೂತಿತು. ಭೂಮಿಯೂ ಉಲ್ಕೆಗಳೂ ಒಂದೇ ಕಾಲದ ಮಕ್ಕಳು ಅನ್ನೋದಕ್ಕೆ ಅದೇ ಸಾಕ್ಷಿ.

ಕೆಸರಿನಿಂದ ಜ್ವಾಲಾಮುಖಿಗೆ

ಆ ಕೆಸರನ್ನು ಪ್ಯಾಟರ್ಸನ್ ಅಲ್ಲಿಗೇ ಬಿಡಲಿಲ್ಲ. ಸಾಯ್ಹುವಾ ಚೌ ಅವರ ಜೊತೆ ಅಟ್ಲಾಂಟಿಕ್, ಪೆಸಿಫಿಕ್ ಎರಡರ ತಳದ ಕೆಸರನ್ನೂ ಅಳೆದು 1962ರಲ್ಲಿ ದೊಡ್ಡ ಲೇಖನ ಬರೆದರು. ಕೆಸರಿನ ಸೀಸ ಖಂಡಗಳಿಂದ ಬಂದದ್ದು, ಒಂದೊಂದು ಕಡಲ ಭಾಗಕ್ಕೂ ಒಂದೊಂದು ಗುರುತಿದೆ ಅಂತ ಅದರಿಂದ ತಿಳಿಯಿತು. ಆಗ ಪ್ಲೇಟ್ ಟೆಕ್ಟಾನಿಕ್ಸ್ ಅನ್ನೋ ಸಿದ್ಧಾಂತ ಇನ್ನೂ ನೆಲೆ ನಿಂತಿರಲಿಲ್ಲ. ಅದು ನಿಂತ ಮೇಲೆ ಈ ಕೆಸರಿನ ಅಂಕಿಗಳಿಗೆ ಹೊಸ ಬೆಲೆ ಬಂತು.

ಯಾಕೆ ಅಂದರೆ, ಸಮುದ್ರತಳದ ಫಲಕ ಇನ್ನೊಂದು ಫಲಕದ ಅಡಿಗೆ ಜಾರುವ ಕಡೆ, ಅಂಚಿಗೆ ಸಮಾನಾಂತರವಾಗಿ ಬಿಲ್ಲಿನ ಆಕಾರದಲ್ಲಿ ಜ್ವಾಲಾಮುಖಿ ದ್ವೀಪಗಳ ಸಾಲು ಏಳುತ್ತದೆ. ಜಪಾನ್, ಇಂಡೋನೇಷ್ಯಾ, ಅಲ್ಯೂಷಿಯನ್ ಎಲ್ಲ ಹೀಗೇ. ಭಾರತದ ಒಂದೇ ಜೀವಂತ ಜ್ವಾಲಾಮುಖಿಯಾದ ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪವೂ ಈ ಜಾತಿಯದ್ದೇ. ಕೆಳಗಿಳಿಯುವ ಫಲಕ ಸುಮಾರು 100 ಕಿಲೋಮೀಟರ್ ಆಳ ತಲುಪುವ ಹೊತ್ತಿಗೆ ಬಿಸಿ, ಒತ್ತಡಕ್ಕೆ ತನ್ನೊಳಗಿನ ನೀರನ್ನು ಬಿಟ್ಟುಕೊಡುತ್ತದೆ. ಆ ನೀರು ಮೇಲಿನ ಮ್ಯಾಂಟಲ್ ಸೇರಿದಾಗ ಅಲ್ಲಿನ ಕಲ್ಲಿನ ಕರಗುವ ತಾಪಮಾನ ಇಳಿಯುತ್ತದೆ. ಹೀಗೆ ಕರಗಿದ್ದೇ ಶಿಲಾಪಾಕ. ಅದರಲ್ಲಿ ಮ್ಯಾಂಟಲ್ ಪಾಲು ಎಷ್ಟು, ಮುಳುಗಿದ ಫಲಕದ ಪಾಲು ಎಷ್ಟು, ಫಲಕದ ಬೆನ್ನ ಮೇಲಿದ್ದ ಕೆಸರಿನ ಪಾಲು ಎಷ್ಟು?

ಇದನ್ನು ಹೇಳಲು ಸೀಸಕ್ಕಿಂತ ಒಳ್ಳೆ ಸಾಕ್ಷಿ ಕಡಿಮೆ. ಮ್ಯಾಂಟಲ್ ಕಲ್ಲಿನಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ ಒಂದು ಭಾಗವೂ ಇಲ್ಲ, ಕೆಸರಿನಲ್ಲಿ ಹತ್ತಾರು ಭಾಗ ಇರುತ್ತದೆ. ಹಾಲಿಗೆ ಒಂದು ಚಮಚ ಡಿಕಾಕ್ಷನ್ ಬಿದ್ದರೂ ಬಣ್ಣ ತಿರುಗುತ್ತದಲ್ಲ, ಹಾಗೆ ಶೇಕಡಾ ಒಂದೆರಡು ಪಾಲು ಕೆಸರು ಸೇರಿದರೂ ಶಿಲಾಪಾಕದ ಸೀಸದ ಗುರುತು ಕೆಸರಿನ ಕಡೆಗೆ ವಾಲುತ್ತದೆ. ಕೆರಿಬಿಯನ್‌ನ ಲೆಸ್ಸರ್ ಆಂಟಿಲೀಸ್ ದ್ವೀಪಸಾಲು ಇದಕ್ಕೆ ಒಳ್ಳೆ ಉದಾಹರಣೆ. 1902ರಲ್ಲಿ ಸುಮಾರು 28,000 ಜನರನ್ನು ಬಲಿ ತೆಗೆದುಕೊಂಡ ಪೆಲೀ ಜ್ವಾಲಾಮುಖಿ ಇರುವುದು ಇಲ್ಲೇ, ಮಾರ್ಟಿನೀಕ್ ದ್ವೀಪದಲ್ಲಿ. ಅಲ್ಲಿ ಅಟ್ಲಾಂಟಿಕ್ ತಳ ಕೆರಿಬಿಯನ್ ಫಲಕದ ಅಡಿಗೆ ಹೋಗುತ್ತದೆ. ದಕ್ಷಿಣದ ಕಡೆ ಒರಿನೊಕೊ ನದಿ ದಕ್ಷಿಣ ಅಮೆರಿಕದ ಬಹಳ ಹಳೇ ಕಲ್ಲಿನ ಹೂಳನ್ನು ತಂದು ಸುರಿಯುತ್ತದೆ. ಆ ಹೂಳಿನ ಸೀಸದಲ್ಲಿ ಯುರೇನಿಯಂನಿಂದ ಹುಟ್ಟಿದ ಪಾಲು ಹೆಚ್ಚು. ದ್ವೀಪಗಳ ಲಾವಾ ನೋಡಿದರೆ, ಉತ್ತರದಿಂದ ದಕ್ಷಿಣಕ್ಕೆ ಹೋದ ಹಾಗೆ ಅದರಲ್ಲೂ ಅದೇ ಗುರುತು ಹೆಚ್ಚುತ್ತಾ ಹೋಗುತ್ತದೆ.

ಸರಿ, ಕೆಸರು ಕೆಳಗೆ ಹೋಗಿ ಮೇಲೆ ಬಂತು ಅಂತ ತೀರ್ಮಾನ ಮಾಡಿಬಿಡೋಣವೇ? ಇಲ್ಲೇ ಪ್ಯಾಟರ್ಸನ್‌ರ ಹಳೇ ತಲೆನೋವು ಮತ್ತೆ ಎದುರಾಗುತ್ತದೆ. ಶಿಲಾಪಾಕ ಮೇಲೇರುವಾಗ ದಾರಿಯಲ್ಲಿ ಹಳೇ ಹೂಳಿನ ಕಲ್ಲನ್ನು ಕರಗಿಸಿಕೊಂಡು ಬಂದಿದ್ದರೆ? ಆಗಲೂ ಸೀಸದ ಗುರುತು ಹಾಗೇ ಕಾಣುತ್ತದೆ. ಮೂಲದಿಂದ ಬಂದದ್ದೋ, ದಾರಿಯಲ್ಲಿ ಅಂಟಿಕೊಂಡದ್ದೋ? ಲ್ಯಾಬಿನ ಬೀಕರಿಗೆ ಕೇಳಿದ ಪ್ರಶ್ನೆಯನ್ನೇ ಜ್ವಾಲಾಮುಖಿಗೂ ಕೇಳಬೇಕಾಯಿತು.

ಇದಕ್ಕೆ ಬಲವಾದ ಉತ್ತರ 1982ರಲ್ಲಿ ಬೆರಿಲಿಯಂ-10ರಿಂದ ಬಂತು. ಕಾಸ್ಮಿಕ್ ಕಿರಣಗಳು ವಾತಾವರಣದ ಸಾರಜನಕ, ಆಮ್ಲಜನಕಗಳಿಗೆ ಬಡಿದು ಹುಟ್ಟುವ ಐಸೋಟೋಪ್ ಇದು, ಮಳೆಯಲ್ಲಿ ಇಳಿದು ಕೆಸರು ಸೇರುತ್ತದೆ. ಅರ್ಧಾಯುಷ್ಯ ಸುಮಾರು 14 ಲಕ್ಷ ವರ್ಷ. ಹಾಗಾಗಿ ಹಳೇ ಕಲ್ಲುಗಳಲ್ಲಿ ಇದು ಯಾವತ್ತೋ ಮುಗಿದುಹೋಗಿರುತ್ತದೆ, ಹೊಸ ಕೆಸರಿನಲ್ಲಿ ಮಾತ್ರ ಉಳಿದಿರುತ್ತದೆ. ಕಾರ್ನೆಗಿ ಸಂಸ್ಥೆಯ ಲೂಯಿಸ್ ಬ್ರೌನ್ ಮತ್ತು ಜೊತೆಗಾರರು ಮಧ್ಯ ಅಮೆರಿಕ, ಅಲ್ಯೂಷಿಯನ್ ಜ್ವಾಲಾಮುಖಿಗಳ ಲಾವಾದಲ್ಲಿ ಅದನ್ನು ಕಂಡರು. ಕೆಲವು ಕಡೆಯಾದರೂ ಸಮುದ್ರದ ಕೆಸರು 100 ಕಿಲೋಮೀಟರ್ ಇಳಿದು, ಶಿಲಾಪಾಕ ಸೇರಿ, ಕೆಲವೇ ದಶಲಕ್ಷ ವರ್ಷಗಳಲ್ಲಿ ವಾಪಸ್ ಬರುತ್ತದೆ ಅನ್ನೋದು ಖಚಿತವಾಯಿತು.

ಸಮುದ್ರದ ನೀರು ಹೇಳಿದ್ದು

ಪ್ಯಾಟರ್ಸನ್ ಜೀವನಕ್ಕೆ ತಿರುವು ಕೊಟ್ಟದ್ದೂ ಸಮುದ್ರವೇ. ಕೆಸರಿಗೆ ಸೀಸ ನೀರಿನ ಮೂಲಕ ತಾನೇ ಬರಬೇಕು? ಹಾಗಂತ ನೀರನ್ನು ಅಳೆದರು. 1960ರ ದಶಕದ ಆರಂಭದಲ್ಲಿ ಮಿತ್ಸುನೊಬು ತಾತ್ಸುಮೊತೊ ಜೊತೆ ನೋಡಿದಾಗ, ಆಳದ ನೀರಿಗಿಂತ ಮೇಲ್ಮೈ ನೀರಿನಲ್ಲಿ ಸೀಸ ಬಹಳ ಹೆಚ್ಚಿತ್ತು. ಅಂದರೆ ಅದು ಈಚೆಗೆ, ಮೇಲಿನಿಂದ, ಗಾಳಿಯಿಂದ ಬಿದ್ದದ್ದು. ಇನ್ನೂ ಕೆಳಗೆ ಇಳಿಯಲು ಸಮಯ ಸಿಕ್ಕಿಲ್ಲ.

ಗಾಳಿಗೆ ಸೀಸ ಸುರಿಯುತ್ತಿದ್ದವರು ಯಾರು? ಎಂಜಿನ್ ನಾಕಿಂಗ್ ತಡೆಯಲು 1920ರ ದಶಕದಿಂದ ಪೆಟ್ರೋಲಿಗೆ ಟೆಟ್ರಾಈಥೈಲ್ ಲೆಡ್ ಬೆರೆಸುತ್ತಿದ್ದರು. ಆಕ್ಟೇನ್ ಏರುತ್ತದೆ, ಕಂಪ್ರೆಷನ್ ರೇಷಿಯೋ ಹೆಚ್ಚಿಸಬಹುದು, ಖರ್ಚೂ ಕಡಿಮೆ. ಮೆಕ್ಯಾನಿಕಲ್‌ನವರಿಗೆ ಬಿಡಿಸಿ ಹೇಳಬೇಕಿಲ್ಲ. ಸೈಲೆನ್ಸರಿನಿಂದ ಬಂದ ಸೀಸ ಮಾತ್ರ ಎಲ್ಲರ ಪಾಲು. ಚೌ ಇನ್ನೊಬ್ಬರ ಜೊತೆ ಸೇರಿ 1965ರಲ್ಲಿ ಲಾಸ್ ಏಂಜಲೀಸ್ ಗಾಳಿಯ ಸೀಸದ ಐಸೋಟೋಪ್ ಅನುಪಾತ ಅಳೆದಾಗ, ಅದು ಅಲ್ಲಿ ಮಾರುತ್ತಿದ್ದ ಪೆಟ್ರೋಲಿನ ಸೀಸಕ್ಕೆ ತಾಳೆಯಾಯಿತು.

ವಿಪರ್ಯಾಸ ಏನಂದರೆ, ಪ್ಯಾಟರ್ಸನ್ ಸಂಶೋಧನೆಗೆ ಆವರೆಗೂ ಹಣ ಕೊಡುತ್ತಿದ್ದವರಲ್ಲಿ ಪೆಟ್ರೋಲಿಯಂ ಉದ್ಯಮದ ಸಂಸ್ಥೆಯೂ ಇತ್ತು. ಸಮುದ್ರದ ಲೇಖನ ಬಂದ ಮೇಲೆ ಆ ಹಣ ನಿಂತಿತು. ಸರ್ಕಾರದ ಆರೋಗ್ಯ ಇಲಾಖೆಯ ಒಪ್ಪಂದವೂ ನವೀಕರಣವಾಗಲಿಲ್ಲ. 1971ರಲ್ಲಿ ಗಾಳಿಯ ಸೀಸದ ಬಗ್ಗೆ ರಾಷ್ಟ್ರೀಯ ಸಂಶೋಧನಾ ಮಂಡಳಿ ಸಮಿತಿ ಮಾಡಿದಾಗ, ಆ ವಿಷಯವನ್ನು ಅರೆದು ಕುಡಿದಿದ್ದ ಪ್ಯಾಟರ್ಸನ್‌ಗೇ ಅದರಲ್ಲಿ ಜಾಗ ಇರಲಿಲ್ಲ.

ಎದುರುಪಕ್ಷದ ವಾದವೂ ತೆಗೆದುಹಾಕುವಂಥದ್ದಾಗಿರಲಿಲ್ಲ. ಸೀಸದ ವಿಷಯದಲ್ಲಿ ದಶಕಗಳಿಂದ ಕೊನೇ ಮಾತು ರಾಬರ್ಟ್ ಕೆಹೋ ಅನ್ನೋ ವೈದ್ಯರದ್ದು. ಅವರಿಗೆ ಸೀಸದ ಉದ್ಯಮದ ಬೆಂಬಲ ಇತ್ತು. ಎಲ್ಲರ ರಕ್ತದಲ್ಲೂ ಒಂದಿಷ್ಟು ಸೀಸ ಇದ್ದೇ ಇರುತ್ತದೆ, ಅದು ಸಹಜ, ಒಂದು ಮಿತಿ ದಾಟುವವರೆಗೆ ತೊಂದರೆ ಇಲ್ಲ ಅನ್ನೋದು ಅವರ ನಿಲುವು. ದೂರದ ಹಳ್ಳಿಗಳ ಜನರನ್ನು ಅಳೆದು ನೋಡಿದರೂ ಸೀಸ ಇತ್ತು ಅಂತ ಅವರಲ್ಲಿ ಪುರಾವೆಯೂ ಇತ್ತು. ಪ್ಯಾಟರ್ಸನ್ ಉತ್ತರ 1965ರ ಲೇಖನದಲ್ಲಿ ಬಂತು. ಎಲ್ಲರಲ್ಲೂ ಇರುವುದು ಬೇರೆ, ಸಹಜವಾಗಿ ಇರಬೇಕಾದದ್ದು ಬೇರೆ. ಇಡೀ ಊರಿಗೇ ಜ್ವರ ಬಂದರೆ 102 ಡಿಗ್ರಿಯೇ ಮಾಮೂಲು ಅನ್ನಿಸುತ್ತದೆ. ಕಲ್ಲು, ನೀರು, ಆಹಾರಗಳ ಲೆಕ್ಕ ಹಿಡಿದು, ಅಮೆರಿಕನ್ನರ ದೇಹದಲ್ಲಿ ಸಹಜಕ್ಕಿಂತ ಸುಮಾರು 100 ಪಟ್ಟು ಸೀಸ ಇದೆ ಅಂತ ಅವರು ವಾದಿಸಿದರು. ಹೊಲಸಾದ ಲ್ಯಾಬಿನಲ್ಲಿ ಅಳೆದವರಿಗೆ ಎಲ್ಲ ಕಡೆ ಸೀಸ ಕಂಡದ್ದರಲ್ಲಿ ಆಶ್ಚರ್ಯ ಇರಲಿಲ್ಲ. ಅವರು ಅಳೆಯುತ್ತಿದ್ದದ್ದರಲ್ಲಿ ಅವರ ಲ್ಯಾಬಿನ ಸೀಸವೂ ಸೇರಿತ್ತು. 1966ರಲ್ಲಿ ಸೆನೆಟರ್ ಎಡ್ಮಂಡ್ ಮಸ್ಕಿ ನಡೆಸಿದ ವಿಚಾರಣೆಯಲ್ಲಿ ಕೆಹೋ, ಪ್ಯಾಟರ್ಸನ್ ಇಬ್ಬರೂ ಸಾಕ್ಷಿ ಹೇಳಿದರು.

ಹಿಮ, ಮೀನು, ಮತ್ತೆ ಜ್ವಾಲಾಮುಖಿ

ಹಾಗಾದರೆ ಸಹಜ ಅಂದರೆ ಎಷ್ಟು? ಮನುಷ್ಯ ಗಲೀಜು ಮಾಡುವ ಮುಂಚಿನ ಮಾದರಿ ಬೇಕು. ಅದಕ್ಕಾಗಿ ಪ್ಯಾಟರ್ಸನ್ ಮತ್ತು ಸಂಗಡಿಗರು ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾಗಳಿಗೆ ಹೋಗಿ, ಮೈತುಂಬ ಪ್ಲಾಸ್ಟಿಕ್ ಹೊದ್ದು ಹಳೇ ಹಿಮ ಕೆತ್ತಿ ತಂದರು. 1969ರಲ್ಲಿ ಮುರೊಜುಮಿ, ಚೌ ಜೊತೆ ಬರೆದ ಲೇಖನದ ಪ್ರಕಾರ, ಕ್ರಿಸ್ತಪೂರ್ವ 800ರ ಗ್ರೀನ್‌ಲ್ಯಾಂಡ್ ಹಿಮಕ್ಕೆ ಹೋಲಿಸಿದರೆ 1960ರ ದಶಕದ ಹಿಮದಲ್ಲಿ ಸೀಸ 200 ಪಟ್ಟಿಗೂ ಹೆಚ್ಚು. 1940ರ ನಂತರ ಏರಿಕೆ ಇನ್ನೂ ಕಡಿದು. ಪೆರುವಿನ ಪುರಾತನ ಅಸ್ಥಿಗಳಿಗೂ ಇವತ್ತಿನವರ ಮೂಳೆಗೂ ನೂರಾರು ಪಟ್ಟು ವ್ಯತ್ಯಾಸ ಕಂಡಿತು. 1980ರಲ್ಲಿ ಡೊರೊಥಿ ಸೆಟ್ಲ್ ಜೊತೆ ಟ್ಯೂನಾ ಮೀನು ಅಳೆದಾಗ, ಸೀಸದ ಬೆಸುಗೆ ಹಾಕಿದ ಡಬ್ಬಿಯ ಮೀನಿನಲ್ಲಿ ಸಹಜಕ್ಕಿಂತ 10,000 ಪಟ್ಟು ಸೀಸ ಇತ್ತು. ಬೇರೆ ಲ್ಯಾಬುಗಳಿಗೆ ಇದು ಕಾಣದಿರಲು ಕಾರಣ ಅದೇ ಹಳೇದು: ತಾಜಾ ಮೀನು ಅಳೆಯುವಾಗಲೂ ಲ್ಯಾಬಿನ ಸೀಸವೇ ಅದರೊಳಗೆ ಸೇರಿಬಿಡುತ್ತಿತ್ತು.

ಆದರೂ ಒಂದು ಅನುಮಾನ ಉಳಿದಿತ್ತು. ಗಾಳಿಯ ಸೀಸವನ್ನು ಜ್ವಾಲಾಮುಖಿಗಳೇ ಉಗುಳುತ್ತಿರಬಹುದಲ್ಲ? ಪ್ರಶ್ನೆ ನ್ಯಾಯವಾದದ್ದೇ. ಪ್ಯಾಟರ್ಸನ್ ಮತ್ತು ಸೆಟ್ಲ್ ಜ್ವಾಲಾಮುಖಿಗಳಿಂದ ವಾತಾವರಣಕ್ಕೆ ಹೋಗುವ ಸೀಸದ ಲೆಕ್ಕವನ್ನೂ ತೆಗೆದು 1987ರಲ್ಲಿ ಪ್ರಕಟಿಸಿದರು. ಮನುಷ್ಯ ಸುರಿಯುತ್ತಿದ್ದದ್ದರ ಮುಂದೆ ಅದು ಬಹಳ ಸಣ್ಣ ಮೊತ್ತ. ಕೆಸರಿನ ಸೀಸವನ್ನು ಜ್ವಾಲಾಮುಖಿ ಮೇಲೆ ತರುವುದು ನಿಜ, ಆದರೆ ಬೀದಿಯ ಗಾಳಿಯ ಸೀಸಕ್ಕೆ ಅದರ ಮೇಲೆ ತಪ್ಪು ಹೊರಿಸುವ ಹಾಗಿರಲಿಲ್ಲ.

ಗೆದ್ದದ್ದು ಎಷ್ಟು

ಪೆಟ್ರೋಲಿನ ಸೀಸ ಹೋದದ್ದು ಒಬ್ಬರಿಂದಲೇ ಅಲ್ಲ. 1975ರಿಂದ ಅಮೆರಿಕದ ಕಾರುಗಳಿಗೆ ಬಂದ ಕ್ಯಾಟಲಿಟಿಕ್ ಕನ್ವರ್ಟರ್ ಸೀಸ ತಾಗಿದರೆ ಕೆಡುತ್ತಿತ್ತು. ಕಡಿಮೆ ಸೀಸವೂ ಮಕ್ಕಳ ಬುದ್ಧಿಗೆ ಹಾನಿ ಅಂತ ಹರ್ಬರ್ಟ್ ನೀಡಲ್‌ಮನ್ 1979ರಲ್ಲಿ ಹಾಲುಹಲ್ಲುಗಳನ್ನು ಪರೀಕ್ಷಿಸಿ ತೋರಿಸಿದರು. ಆದರೆ ಈ ಸೀಸ ಸಹಜವಲ್ಲ ಅನ್ನೋ ತಳಪಾಯ ಹಾಕಿದ್ದು ಪ್ಯಾಟರ್ಸನ್. 1973ರಲ್ಲಿ ಅಮೆರಿಕದ ಪರಿಸರ ಸಂಸ್ಥೆ ಸೀಸ ಇಳಿಸುವ ನಿಯಮ ತಂದಿತು. 1970ರ ದಶಕದ ಕೊನೆಯಿಂದ 1991ರೊಳಗೆ ಅಮೆರಿಕನ್ನರ ರಕ್ತದ ಸರಾಸರಿ ಸೀಸ ಡೆಸಿಲೀಟರಿಗೆ 12.8 ಮೈಕ್ರೋಗ್ರಾಂನಿಂದ 2.8ಕ್ಕೆ ಇಳಿಯಿತು. ಸಹಜ ಅಂದುಕೊಂಡಿದ್ದದ್ದು ಸಹಜವಾಗಿರಲಿಲ್ಲ.

ಮನ್ನಣೆ ತಡವಾಗಿ ಬಂತು. ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಸದಸ್ಯತ್ವ 1987ರಲ್ಲಿ, ಟೈಲರ್ ಪ್ರಶಸ್ತಿ 1995ರಲ್ಲಿ. ಅದೇ ವರ್ಷ ಡಿಸೆಂಬರ್ 5ರಂದು, 73ನೇ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದ ತಮ್ಮ ಮನೆಯಲ್ಲಿ ಪ್ಯಾಟರ್ಸನ್ ತೀರಿಕೊಂಡರು. ಅಮೆರಿಕದ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ ಪೂರ್ತಿ ನಿಷೇಧವಾದದ್ದು 1996ರ ಜನವರಿ 1ರಂದು. ಒಂದು ತಿಂಗಳೂ ಅಂತರವಿಲ್ಲ.

ನಮ್ಮಲ್ಲಿ 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಮರುವರ್ಷ, 2000ದ ಫೆಬ್ರವರಿ 1ರಿಂದ, ದೇಶದ ಎಲ್ಲ ಬಂಕುಗಳಲ್ಲೂ ಸೀಸವಿಲ್ಲದ ಪೆಟ್ರೋಲ್ ಬಂತು. ಇದನ್ನು ಓದುತ್ತಿರುವ ನಮ್ಮಲ್ಲಿ ಬಹುಪಾಲು ಜನ ಹುಟ್ಟಿದ್ದು ಅದರ ನಂತರ. ನಮ್ಮ ಅಪ್ಪ ಅಮ್ಮ ಕಾಲೇಜಿಗೆ ಹೋಗುವಾಗ ಸಿಟಿ ಬಸ್ ಸ್ಟಾಪಿನಲ್ಲಿ ನಿಂತು ಉಸಿರಾಡಿದ ಸೀಸವನ್ನು ನಾವು ಉಸಿರಾಡಲಿಲ್ಲ. ಲೋಕದಲ್ಲಿ ಕೊನೆಯದಾಗಿ ಅಲ್ಜೀರಿಯಾದ ಬಂಕುಗಳು 2021ರಲ್ಲಿ ಸೀಸದ ಪೆಟ್ರೋಲ್ ನಿಲ್ಲಿಸಿದವು.

ಮುಂದಿನ ಸಲ ಲ್ಯಾಬಿನಲ್ಲಿ ರೀಡಿಂಗ್ ಬರಬೇಕಾದ ಹಾಗೆ ಬರದಿದ್ದರೆ, ಪಕ್ಕದ ಬ್ಯಾಚಿನವರ ಅಂಕಿ ಇಳಿಸಿಕೊಳ್ಳುವ ಮುಂಚೆ ಒಂದು ಕ್ಷಣ ನಿಲ್ಲಿ. ಹೆಚ್ಚಾಗಿ ಬಂದದ್ದು ಎಲ್ಲಿಂದ ಬಂತು ಅಂತ ಕೇಳಿ. ಶಿಕಾಗೋದ ಒಬ್ಬ ರಿಸರ್ಚ್ ವಿದ್ಯಾರ್ಥಿಗೆ ಲೆಕ್ಕ ಸರಿಬರದೆ ತಲೆಕೆಟ್ಟ ದಿನವೇ ಇದೆಲ್ಲ ಶುರುವಾಗಿದ್ದು.